ಟಡಾಲಫಿಲ್ ಮಾತ್ರೆ: ಮೂರು ವರ್ಷ ಬಳಸಿದವನ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಗಂಡಸರ ನಿಮಿರುವಿಕೆಯ ತೊಂದರೆಗೆ ಕೊಡುವ ಈ ಮಾತ್ರೆ ಕೆಲಸ ಮಾಡುತ್ತದೆ. ಐದಕ್ಕೆ ನಾಲ್ಕು ಸ್ಟಾರ್. ಕತ್ತರಿಸಿದ ಒಂದು ಸ್ಟಾರ್ ಬೆನ್ನುನೋವಿಗೆ ಮತ್ತು ಎದೆಯುರಿಗೆ. ಆದರೆ ತಪಾಸಣೆ ಮಾಡಿಸದೆ ನೇರ ಮೆಡಿಕಲ್ ಶಾಪಿಗೆ ಹೋಗಿ ಪಿಸುಮಾತಿನಲ್ಲಿ ಸ್ಟ್ರಿಪ್ ಕೇಳಿ ತರುವವರಿಗೆ ಅರ್ಧ ಲಾಭವೂ ಸಿಗುವುದಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಯಾಕೆ ಅಂತ ಮುಂದೆ ಬರೆದಿದ್ದೇನೆ.

ನಾನು ದಾವಣಗೆರೆಯವನು, ವಯಸ್ಸು ಐವತ್ತರ ಆಸುಪಾಸು. ಹಾರ್ಡ್‌ವೇರ್ ಅಂಗಡಿ, ದಿನವಿಡೀ ಗಲ್ಲೆ ಮುಂದೆ ಕೂತಿರುವ ಕೆಲಸ. ಬಿಪಿಗೆ ಮಾತ್ರೆ ಇತ್ತು. ನಿಮಿರುವಿಕೆ ಒಂದೇ ದಿನ ಕೈಕೊಟ್ಟಿದ್ದಲ್ಲ, ಒಂದೆರಡು ವರ್ಷದಲ್ಲಿ ನಿಧಾನಕ್ಕೆ ಸಡಿಲವಾಗುತ್ತಾ ಬಂತು. ಮೊದಮೊದಲು ಆಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಆಮೇಲೆ ಆಗುವುದೇ ಕಷ್ಟವಾಯಿತು. ಆಸೆಗೇನೂ ಕೊರತೆ ಇರಲಿಲ್ಲ. ಹೆಂಡತಿ ಜೊತೆ ಮಾತಾಡಿಕೊಂಡು ಇಬ್ಬರೂ ಯೂರಾಲಜಿಸ್ಟ್, ಅಂದರೆ ಮೂತ್ರಾಂಗದ ಡಾಕ್ಟ್ರ ಹತ್ತಿರ ಹೋದೆವು.

ಡಾಕ್ಟ್ರು ಕೇಳಿದ ಮೊದಲ ಪ್ರಶ್ನೆ: "ಬೆಳಗ್ಗೆ ಏಳುವಾಗ ಆಗುತ್ತಾ?" ಪ್ರಶ್ನೆ ಸಣ್ಣದು, ತೂಕ ದೊಡ್ಡದು. ನಿದ್ದೆಯಲ್ಲಿ, ಮುಂಜಾನೆ ಸರಿಯಾಗಿ ಆಗುತ್ತಿದ್ದು ಹೆಂಡತಿ ಜೊತೆ ಮಾತ್ರ ಆಗದಿದ್ದರೆ ಆತಂಕ, ಒತ್ತಡದ ಕಡೆಗೆ ಅನುಮಾನ ಹೋಗುತ್ತದಂತೆ. ಅದೂ ಕಡಿಮೆಯಾಗಿದ್ದರೆ ರಕ್ತನಾಳ, ನರ, ಹಾರ್ಮೋನ್ ಕಡೆ ನೋಡಬೇಕು. ನನ್ನದು ಎರಡನೆಯದು. ಆಮೇಲೆ ಐದು ಪ್ರಶ್ನೆಯ ಒಂದು ಹಾಳೆ ಕೊಟ್ಟರು, ಒಟ್ಟು 25 ಅಂಕ. 22 ಅಥವಾ ಅದಕ್ಕಿಂತ ಮೇಲೆ ಬಂದರೆ ಸರಿ ಇದೆ ಅಂತ ಲೆಕ್ಕ, 7 ಅಥವಾ ಅದಕ್ಕಿಂತ ಕೆಳಗೆ ಇದ್ದರೆ ತೀವ್ರ. ನನಗೆ ಬಂದಿದ್ದು 11. ಎಸ್ಸೆಸ್ಸೆಲ್ಸಿ ಗಣಿತದಲ್ಲೂ ಇಷ್ಟು ಕಡಿಮೆ ಬಂದಿರಲಿಲ್ಲ.

ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಇಡಿ ಅಂದರು. ಬಿಪಿಗೆ ಕೊಡುವ ಕೆಲವು ಹಳೆಯ ಮಾತ್ರೆ, ಮಾನಸಿಕ ಖಿನ್ನತೆಗೆ ಕೊಡುವ ಕೆಲವು ಔಷಧಿ ಇವೂ ಈ ತೊಂದರೆ ತರಬಹುದು. ಹಾಗಂತ ನಾವೇ ನಿಲ್ಲಿಸಬಾರದು, ಬರೆದುಕೊಟ್ಟ ಡಾಕ್ಟ್ರೇ ಬದಲಿಸಬೇಕು. ಬರೆಸಿದ ಪರೀಕ್ಷೆಗಳು: ಖಾಲಿ ಹೊಟ್ಟೆಯ ಶುಗರ್, ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ, ಕೊಲೆಸ್ಟ್ರಾಲ್, ಗಂಡಸರ ಹಾರ್ಮೋನ್ ಆದ ಟೆಸ್ಟೋಸ್ಟೆರಾನ್. ಈ ಕೊನೆಯದಕ್ಕೆ ರಕ್ತ ಬೆಳಗ್ಗೆಯೇ ಕೊಡಬೇಕು, ಮಧ್ಯಾಹ್ನ ಕೊಟ್ಟರೆ ಅಂಕಿ ಇಳಿದು ಬರುತ್ತದೆ. ಲ್ಯಾಬಿನವರು ಹೇಳಲಿಲ್ಲ, ಚೀಟಿಯಲ್ಲಿ ಬರೆದಿದ್ದರಿಂದ ಬಚಾವ್.

ರಿಪೋರ್ಟ್ ಬಂತು. ಟೆಸ್ಟೋಸ್ಟೆರಾನ್ ಸರಿ ಇತ್ತು. ಎಚ್‌ಬಿಎ1ಸಿ 8.4. ಅಂದರೆ ಶುಗರ್ ಬಂದು ಕೂತು ಬಹಳ ದಿನವಾಗಿತ್ತು, ನನಗೆ ಸುಳಿವೇ ಇರಲಿಲ್ಲ. 6.5ರಿಂದ ಮೇಲೆ ಸಕ್ಕರೆ ಕಾಯಿಲೆ ಅಂತ ಲೆಕ್ಕ. ಬಾಯಾರಿಕೆ ಇಲ್ಲ, ತೂಕ ಇಳಿದಿಲ್ಲ. ದೇಹ ಕೊಟ್ಟ ಒಂದೇ ಸೂಚನೆ ಇದು. ಡಾಕ್ಟ್ರು ವಿವರಿಸಿದ್ದು ನನ್ನ ಅಂಗಡಿಯ ಭಾಷೆಯಲ್ಲೇ ಇತ್ತು: ಸಣ್ಣ ಪೈಪು ಮೊದಲು ಕಟ್ಟಿಕೊಳ್ಳುತ್ತದೆ. ಶಿಶ್ನದ ರಕ್ತನಾಳ ಒಂದೆರಡು ಮಿಲಿಮೀಟರ್ ಅಗಲ, ಹೃದಯದ್ದು ಮೂರು ನಾಲ್ಕು. ಹಾಗಾಗಿ ಅಲ್ಲಿ ತೊಂದರೆ ಕಾಣಿಸಿಕೊಂಡ ಕೆಲವು ವರ್ಷದ ಮೇಲೆ ಎದೆನೋವು ಬರುವವರು ಬಹಳ ಜನ. ಇಸಿಜಿ ಮಾಡಿಸಿದರು, ಫಿಸಿಶಿಯನ್ ಹತ್ತಿರ ಕಳಿಸಿದರು. ಮಾತ್ರೆ ಮೆಡಿಕಲ್‌ನಿಂದ ನೇರ ತಂದು ನುಂಗಿದ್ದರೆ ಕೆಲಸ ನಡೆಯುತ್ತಿತ್ತೇನೋ, ಶುಗರ್ ಮಾತ್ರ ಒಳಗೊಳಗೇ ಮೇಯುತ್ತಿತ್ತು.

ಡಾಪ್ಲರ್ ಸ್ಕ್ಯಾನ್ ಬೇಕೇ ಅಂತ ಕೇಳಿದೆ. ಎಲ್ಲರಿಗೂ ಬೇಡ, ಇಂಜೆಕ್ಷನ್ ಕೊಟ್ಟು ರಕ್ತದ ಹರಿವು ನೋಡುವ ಪರೀಕ್ಷೆ ಅದು, ಮಾತ್ರೆ ಕೆಲಸ ಮಾಡದವರಿಗೆ ಅಥವಾ ಪೆಟ್ಟು ಬಿದ್ದ ಚಿಕ್ಕ ವಯಸ್ಸಿನವರಿಗೆ ಅಂದರು. ನಮ್ಮ ಕಡೆ ಒಂದು ಕ್ಲಿನಿಕ್ಕಿನಲ್ಲಿ ಪರಿಚಯದವರೊಬ್ಬರಿಗೆ ಬಾಗಿಲು ದಾಟುವ ಮೊದಲೇ ಡಾಪ್ಲರ್, ಹತ್ತು ಬಗೆಯ ಹಾರ್ಮೋನ್, ಮೇಲೆ ಆರು ತಿಂಗಳ ಪೌಡರ್ ಪ್ಯಾಕೇಜ್ ಬರೆದಿದ್ದರು. ಶುಗರ್ ಮಾತ್ರ ಪಟ್ಟಿಯಲ್ಲಿ ಇರಲಿಲ್ಲ!

ಈಗ ಮಾತ್ರೆ ವಿಷಯ. ಮೊದಲು ಕೊಟ್ಟಿದ್ದು ಟಡಾಲಫಿಲ್ ಅಲ್ಲ, ವಯಾಗ್ರಾದಲ್ಲಿರುವ ಸಿಲ್ಡೆನಾಫಿಲ್, 50 ಮಿಲಿಗ್ರಾಂ. ಇದು ಎದೆನೋವಿಗೆ ಅಂತ ಫೈಜರ್‌ನವರು ಇಂಗ್ಲೆಂಡಿನಲ್ಲಿ ತಯಾರಿಸಿ ನೋಡುತ್ತಿದ್ದ ಔಷಧ, 1998ರಲ್ಲಿ ಅಮೆರಿಕದಲ್ಲಿ ನಿಮಿರುವಿಕೆಯ ತೊಂದರೆಗೆ ಒಪ್ಪಿಗೆ ಪಡೆಯಿತು. ಕೆಲಸ ಮಾಡಿತು, ಆದರೆ ಹೊಟ್ಟೆಯ ಮೇಲೆ ಅವಲಂಬಿತ. ಕೊಬ್ಬಿನ ಊಟದ ಮೇಲೆ ನುಂಗಿದರೆ ಮಾತ್ರೆ ತಡವಾಗಿ ಏಳುತ್ತದೆ. ಬೆಣ್ಣೆ ದೋಸೆ ಊರಿನವನಿಗೆ ಇದು ಸುಲಭದ ಷರತ್ತಲ್ಲ. ಮುಖ ಬಿಸಿಯಾಗುವುದು, ಮೂಗು ಕಟ್ಟುವುದು, ತಲೆನೋವು ಬಂತು. ಒಮ್ಮೆ ಟ್ಯೂಬ್‌ಲೈಟ್ ಸುತ್ತ ನೀಲಿ ಛಾಯೆ ಕಂಡಿತು, ಅದೂ ಪಟ್ಟಿಯಲ್ಲಿರುವ ಅಡ್ಡಪರಿಣಾಮವೇ. ನಾಲ್ಕೈದು ಗಂಟೆಯ ಆಟ. ಗಡಿಯಾರ ನೋಡಿಕೊಂಡು ಸಂಸಾರ ಮಾಡಿದಂತಾಗುತ್ತಿತ್ತು ಅಂತ ನಮ್ಮನೆಯವಳೇ ಡಾಕ್ಟ್ರಿಗೆ ಹೇಳಿದಳು.

ಆಗ ಟಡಾಲಫಿಲ್‌ಗೆ ಬದಲಿಸಿದರು. ಪರಿಣಾಮ 36 ಗಂಟೆವರೆಗೆ ಉಳಿಯುತ್ತದೆ, ಊಟದ ತಕರಾರು ಇಲ್ಲ. ಎರಡು ಬಗೆ ಇದೆ: ಬೇಕಾದಾಗ 10 ಅಥವಾ 20 ಮಿಲಿಗ್ರಾಂ, ಇಲ್ಲವೇ ದಿನಾ 5ರ ಸಣ್ಣ ಮಾತ್ರೆ. ನನಗೆ ದಿನದ ಮಾತ್ರೆ ಹಿಡಿಸಿತು. ದೇಹದಲ್ಲಿ ಮಟ್ಟ ನಿಲ್ಲಲು ನಾಲ್ಕೈದು ದಿನ ಬೇಕು, ಹಾಗಾಗಿ ಮೊದಲ ದಿನವೇ ಪವಾಡ ಬೇಡ ಅಂದಿದ್ದರು. ಎರಡನೇ ವಾರದಿಂದ ಯಾವ ಹೊತ್ತು, ಯಾವ ಊಟ ಅನ್ನುವ ಲೆಕ್ಕವೇ ಮರೆತುಹೋಯಿತು. ಇನ್ನೊಂದು ಲಾಭ ನಿರೀಕ್ಷೆ ಮಾಡಿರಲಿಲ್ಲ. ರಾತ್ರಿ ಮೂತ್ರಕ್ಕೆ ಏಳುವುದು ಕಡಿಮೆಯಾಯಿತು. ಮೂತ್ರಕೋಶದ ಕೆಳಗಿನ ಪ್ರಾಸ್ಟೇಟ್ ಗ್ರಂಥಿ ಊದಿದವರಿಗೂ ಇದೇ 5ರ ಮಾತ್ರೆ ಕೊಡುತ್ತಾರೆ.

ಬೆನ್ನುನೋವು ನಿಜ. ನುಂಗಿದ ಮರುದಿನ ಸೊಂಟದ ಎರಡೂ ಕಡೆ, ಸಿಮೆಂಟ್ ಚೀಲ ಎತ್ತಿದವನ ಹಾಗೆ. ಒಂದು ತಿಂಗಳಲ್ಲಿ ಮಾಯವಾಯಿತು. ಎದೆಯುರಿ ಹೋಗಲಿಲ್ಲ, ರಾತ್ರಿ ಖಾರ ಕಡಿಮೆ ಮಾಡಿದ್ದೇನೆ. ಇನ್ನೊಂದು, ಈ ಮಾತ್ರೆ ಆಸೆ ಹುಟ್ಟಿಸುವುದಿಲ್ಲ. ಉದ್ರೇಕವಾದಾಗ ನರಗಳಿಂದ ನೈಟ್ರಿಕ್ ಆಕ್ಸೈಡ್ ಬಿಡುಗಡೆಯಾಗಿ ರಕ್ತನಾಳ ಸಡಿಲವಾಗುತ್ತದೆ, ಆ ಸಡಿಲಿಕೆಯನ್ನು ಬೇಗ ಅಳಿಸಿಹಾಕುವ ಕಿಣ್ವವನ್ನು ಮಾತ್ರೆ ತಡೆಯುತ್ತದೆ, ಅಷ್ಟೇ. ಜಗಳವಾಡಿ ಮುಖ ತಿರುಗಿಸಿ ಮಲಗಿದ ದಿನ ಯಾವ ಮಿಲಿಗ್ರಾಮೂ ಕೆಲಸಕ್ಕೆ ಬರುವುದಿಲ್ಲ.

"ಹಾರ್ಟಿಗೆ ತೊಂದ್ರೆ ಇಲ್ವಾ ಡಾಕ್ಟ್ರೇ?" ಅಂತ ಕೇಳಿದ್ದು ನಮ್ಮನೆಯವಳು. ಎರಡು ಮಹಡಿ ಮೆಟ್ಟಿಲು ದಮ್ಮು ಕಟ್ಟದೆ, ಎದೆ ನೋಯದೆ ಹತ್ತುತ್ತಾರಾ ಅಂತ ಅವರು ತಿರುಗಿ ಕೇಳಿದರು. ಹತ್ತುತ್ತಾರೆ ಅಂದರೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದರೆ ಎದೆನೋವಿಗೆ ನೈಟ್ರೇಟ್ ಮಾತ್ರೆ, ನಮ್ಮಲ್ಲಿ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಸಾರ್ಬಿಟ್ರೇಟ್ ಗೊತ್ತಲ್ಲ, ಅದನ್ನು ತೆಗೆದುಕೊಳ್ಳುವವರು ಇದನ್ನು ಮುಟ್ಟಲೇಬಾರದು. ಎರಡೂ ಸೇರಿದರೆ ಬಿಪಿ ಪಾತಾಳಕ್ಕೆ ಬೀಳುತ್ತದೆ, ಪ್ರಾಣಕ್ಕೇ ಬರಬಹುದು. ನಮ್ಮ ಮನೆಯಲ್ಲಿ ಅಪ್ಪನ ಸಾರ್ಬಿಟ್ರೇಟ್ ದೇವರ ಗೂಡಿನ ಪಕ್ಕ ಸದಾ ಇರುತ್ತದೆ. ನನಗೇ ಎದೆ ನೋವು ಬಂದರೆ ಗಾಬರಿಯಲ್ಲಿ ಅದನ್ನು ಬಾಯಿಗೆ ಹಾಕಬೇಡಿ, ಆಸ್ಪತ್ರೆಗೆ ಕರೆದೊಯ್ದು ಟಡಾಲಫಿಲ್ ತಗೊಳ್ತಾರೆ ಅಂತ ಹೇಳಿ ಎಂದು ಹೆಂಡತಿಗೂ ಮಗನಿಗೂ ತಿಳಿಸಿದ್ದೇನೆ. ಟಡಾಲಫಿಲ್ ನುಂಗಿದ ಮೇಲೆ ಕನಿಷ್ಠ 48 ಗಂಟೆ ನೈಟ್ರೇಟ್ ಕೂಡದು. ಮಗನಿಗೆ ಹೇಳುವಾಗ ನಾಚಿಕೆಯಾಯಿತು. ಅವನು ಫೋನಿನಿಂದ ತಲೆ ಎತ್ತದೆ "ಸರಿ ಅಪ್ಪಾಜಿ" ಅಂದ. ನಿಮಿರಿದ್ದು ನಾಲ್ಕು ಗಂಟೆ ಮೀರಿ ಇಳಿಯದಿದ್ದರೂ ಆಸ್ಪತ್ರೆಯೇ ಗತಿ. ನನಗೆ ಹಾಗಾಗಿಲ್ಲ.

ಬಸ್ ಸ್ಟ್ಯಾಂಡ್ ಗೋಡೆಯ "ಗುಪ್ತರೋಗ" ಜಾಹೀರಾತುಗಳ ಬಗ್ಗೆ ಎರಡು ಮಾತು. 1954ರ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಪ್ರಕಾರ ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಅಂತ ಜಾಹೀರಾತು ಹಾಕುವುದೇ ಅಪರಾಧ. ಗೋಡೆಗೆ ಅದು ಗೊತ್ತಿಲ್ಲ. ಗಿಡಮೂಲಿಕೆ ಅಂತ ಮಾರುವ ಪುಡಿಗಳಲ್ಲಿ ಸಿಲ್ಡೆನಾಫಿಲ್ ಬೆರೆಸಿರುವುದನ್ನು ಅಮೆರಿಕದ ಔಷಧ ನಿಯಂತ್ರಕರು ಮತ್ತೆ ಮತ್ತೆ ಪತ್ತೆ ಹಚ್ಚಿದ್ದಾರೆ. ಎಷ್ಟು ಬೆರೆಸಿದ್ದಾರೋ ಗೊತ್ತಾಗದ ಪುಡಿಗಿಂತ ಸ್ಟ್ರಿಪ್ ಮೇಲೆ ಮಿಲಿಗ್ರಾಂ ಅಚ್ಚಾದ ಮಾತ್ರೆ ಮೇಲು.

ದರದ ಬಗ್ಗೆ: ಒಂದೇ ಟಡಾಲಫಿಲ್ ಕಂಪನಿಯಿಂದ ಕಂಪನಿಗೆ ದುಪ್ಪಟ್ಟು ವ್ಯತ್ಯಾಸ ಕಂಡಿದ್ದೇನೆ. ಕಡಿಮೆ ದರದ್ದಕ್ಕೆ ಬದಲಿಸಿದ ಮೇಲೆ ನನಗೆ ಏನೂ ವ್ಯತ್ಯಾಸ ಗೊತ್ತಾಗಿಲ್ಲ. ಚೀಟಿ ತೋರಿಸಿ ಬಿಲ್ಲು ಪಡೆಯಿರಿ.

ಮಾತ್ರೆ ಕೆಲಸ ಮಾಡದವರಿಗೆ ವ್ಯಾಕ್ಯೂಮ್ ಪಂಪ್, ಇಂಜೆಕ್ಷನ್, ಕೊನೆಗೆ ಇಂಪ್ಲಾಂಟ್ ಆಪರೇಷನ್ ಇದೆ. ನಾನು ಅಲ್ಲಿಗೆ ಹೋಗಿಲ್ಲ, ಹಾಗಾಗಿ ಅದರ ಬಗ್ಗೆ ಬರೆಯುವುದಿಲ್ಲ.

ಜೀವನಪೂರ್ತಿ ನುಂಗಬೇಕಾ ಅಂತ ಎಲ್ಲರೂ ಕೇಳುತ್ತಾರೆ. ವಾಕಿಂಗ್, ಶುಗರ್ ಮಾತ್ರೆ ಮೆಟ್‌ಫಾರ್ಮಿನ್, ಸಿಗರೇಟ್ ಬಿಟ್ಟಿದ್ದು ಎಲ್ಲ ಸೇರಿ ಎಚ್‌ಬಿಎ1ಸಿ 6.8ಕ್ಕೆ ಇಳಿದ ಮೇಲೆ ಡಾಕ್ಟ್ರು ದಿನದ ಮಾತ್ರೆ ನಿಲ್ಲಿಸಿ ನೋಡೋಣ ಅಂದರು. ಅರ್ಧ ಸರಿಹೋಗಿತ್ತು, ಪೂರ್ತಿ ಅಲ್ಲ. ಐದು ಪ್ರಶ್ನೆಯ ಅದೇ ಹಾಳೆ ತುಂಬಿದಾಗ 18 ಬಂತು. ಈಗ ಬೇಕೆನಿಸಿದ ದಿನ 10ರ ಮಾತ್ರೆ ಒಂದು, ಉಳಿದ ದಿನ ಇಲ್ಲ. ಮದುವೆ ಸೀಸನ್ನಿನಲ್ಲಿ ಸಿಹಿ ಜಾಸ್ತಿಯಾಗಿ ಶುಗರ್ ಏರಿದ ತಿಂಗಳು ಅದೇ 10 ಸಾಲದಾಗುತ್ತದೆ. ಡೋಸ್ ಏರಿಸಿ ಅಂತ ಕೇಳಿದರೆ ಡಾಕ್ಟ್ರು ಮೊದಲು ಶುಗರ್ ರಿಪೋರ್ಟ್ ತನ್ನಿ ಅನ್ನುತ್ತಾರೆ.