ಸ್ವಾರ್ಟ್‌ಬರ್ಗ್ ಘಾಟಿ: ಬಗ್ಗಿಯೋ, ಡಬಲ್ ಕ್ಯಾಬೋ, ಹ್ಯಾಚ್‌ಬ್ಯಾಕೋ?

ದಕ್ಷಿಣ ಆಫ್ರಿಕಾದ ಸ್ವಾರ್ಟ್‌ಬರ್ಗ್ ಪಾಸ್ ದಾಟೋಕೆ ಯಾವ ಗಾಡಿ ಒಳ್ಳೇದು ಅಂತ ಕೇಪ್ ಟೌನ್‌ಗೆ ಬರುವ ನಮ್ಮವರು ಆಗಾಗ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ಯಾವ ಕಡೆಯಿಂದ ಹತ್ತುತ್ತೀರಿ? ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಎಂಜಿನ್ನಿರುವ ತೆರೆದ ಬೀಚ್ ಬಗ್ಗಿ, ಫೋರ್ ವೀಲ್ ಡ್ರೈವ್ ಇರುವ ಡಬಲ್ ಕ್ಯಾಬ್ ಪಿಕಪ್, ಬಾಡಿಗೆಯ ಸಣ್ಣ ಹ್ಯಾಚ್‌ಬ್ಯಾಕ್, ಮೂರರಲ್ಲೂ ಈ ಘಾಟಿಯನ್ನು ಎರಡೂ ದಿಕ್ಕಿನಿಂದ ಓಡಿಸಿ ನೋಡಿದ್ದೇನೆ. ದಾರಿ ಒಣಗಿದ್ದರೆ ಮೂರೂ ದಾಟಿಸುತ್ತವೆ. ಡಬಲ್ ಕ್ಯಾಬ್‌ಗೂ ಹ್ಯಾಚ್‌ಬ್ಯಾಕ್‌ಗೂ ದಿಕ್ಕು ಅಷ್ಟೇನೂ ಲೆಕ್ಕಕ್ಕೆ ಬರುವುದಿಲ್ಲ. ಬಗ್ಗಿಗೆ ಮಾತ್ರ ಅದೇ ಎಲ್ಲ.

ಬೆಟ್ಟಸಾಲಿನ ದಕ್ಷಿಣಕ್ಕೆ ಲಿಟಲ್ ಕರೂ ಸೀಮೆಯ ಔಟ್ಸ್‌ಹೋರ್ನ್ ಊರು, ಉತ್ತರಕ್ಕೆ ಗ್ರೇಟ್ ಕರೂವಿನ ಅಂಚಿನ ಪ್ರಿನ್ಸ್ ಆಲ್ಬರ್ಟ್. ನಡುವೆ ಸುಮಾರು 25 ಕಿ.ಮೀ. ಡಾಂಬರು ಕಾಣದ ದಾರಿ. ನೆತ್ತಿ 1,583 ಮೀಟರ್ ಎತ್ತರ. ಪೂರ್ವದ ಮೈರಿಂಗ್ಸ್‌ಪೋರ್ಟ್ ಕಣಿವೆಯಲ್ಲಿ ಆಗಲೇ ಒಂದು ದಾರಿ ಇತ್ತು. ಹೊಳೆ ಉಕ್ಕಿದಾಗಲೆಲ್ಲ ಅದು ಮುಚ್ಚಿಹೋಗುತ್ತಿದ್ದುದರಿಂದ ಬೆಟ್ಟದ ಮೇಲೊಂದು ದಾರಿ ಬೇಕಾಯಿತು. 1881ರಲ್ಲಿ ಪ್ರಿನ್ಸ್ ಆಲ್ಬರ್ಟ್ ಕಡೆಯಿಂದ ಕೆಲಸ ಶುರು ಮಾಡಿದ ಗುತ್ತಿಗೆದಾರ ದಿವಾಳಿಯಾದ ಮೇಲೆ, 1883ರಲ್ಲಿ ಅದು ದಾರಿ ಕಟ್ಟುವ ಎಂಜಿನಿಯರ್ ಥಾಮಸ್ ಬೇನ್ ಕೈಗೆ ಬಂತು. ಗುದ್ದಲಿ, ಸುತ್ತಿಗೆ, ತಳ್ಳುಗಾಡಿ, ಸಿಡಿಮದ್ದು, ಇಷ್ಟೇ ಸಲಕರಣೆ. ದೊಡ್ಡ ಬಂಡೆ ಅಡ್ಡ ಬಂದರೆ ಸುತ್ತ ಬೆಂಕಿ ಹಾಕಿ ಕಾಯಿಸುವುದು, ಮೇಲೆ ತಣ್ಣೀರು ಸುರಿದು ಸೀಳುವುದು. 1888ರ ಜನವರಿ 10ರಂದು ದಾರಿ ತೆರೆಯಿತು. ಬೇನ್ ಹೆಸರು ಎಲ್ಲರ ಬಾಯಲ್ಲೂ ಇದೆ, ಆದರೆ ಕಲ್ಲು ಹೊತ್ತವರು ಕೈದಿಗಳು. ಉತ್ತರದ ಇಳಿಜಾರಿನ ಬ್ಲಿಕ್‌ಸ್ಟಾಸಿ ಎಂಬಲ್ಲಿ ಅವರನ್ನು ಇಟ್ಟಿದ್ದ ಠಾಣೆಯ ಪಾಳುಗೋಡೆ ಇನ್ನೂ ಉಳಿದಿದೆ. ಯಾವ ಗಾಡಿಯಲ್ಲಿ ಹೋದರೂ ಅಲ್ಲಿ ಇಳಿದು ಸ್ವಲ್ಪ ಹೊತ್ತು ನಿಲ್ಲಿ.

ಈಗ ಬಗ್ಗಿ. ಬ್ರೂಸ್ ಮೇಯರ್ಸ್ 1964ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಫೈಬರ್ ಗ್ಲಾಸ್ ಬಗ್ಗಿ ಕಟ್ಟಿದ್ದು ಮರಳದಿಬ್ಬಕ್ಕೆಂದು. ದಕ್ಷಿಣ ಆಫ್ರಿಕಾದಲ್ಲಿ ಅದು ಬೇರೂರಿದ್ದಕ್ಕೆ ಕಾರಣ ಬೀಟಲ್. ಉಯ್ಟೆನ್‌ಹೇಗ್ ಕಾರ್ಖಾನೆಯಲ್ಲಿ 1951ರಿಂದ 1979ರವರೆಗೆ ಬೀಟಲ್ ತಯಾರಾಗುತ್ತಿತ್ತು. ಹಾಗಾಗಿ ಹಳೆಯ ಷಾಸಿ, ಎಂಜಿನ್ನು, ಬಿಡಿಭಾಗ ಯಾವುದಕ್ಕೂ ಬರವಿಲ್ಲ. ನಾನು ಓಡಿಸಿದ್ದು ಗೆಳೆಯರೊಬ್ಬರ 1600 ಸಿಸಿ ಬಗ್ಗಿ: ಬಾಗಿಲಿಲ್ಲ, ಗಾಜಿನ ಕಿಟಕಿಯಿಲ್ಲ, ಬೀಟಲ್‌ಗಿಂತ ಗಿಡ್ಡ ಷಾಸಿ, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಎಂಜಿನ್ನು ಹಿಂದೆ, ಅದು ತಿರುಗಿಸುವ ಚಕ್ರವೂ ಹಿಂದೆ.

ಪ್ರಿನ್ಸ್ ಆಲ್ಬರ್ಟ್ ಕಡೆಯಿಂದ ಹೊರಟರೆ ಮೊದಲು ಕೊರಕಲು. ಎರಡೂ ಬದಿಗೆ ಕೆಂಪು ಕ್ವಾರ್ಟ್‌ಜೈಟ್ ಬಂಡೆ, ಪದರಪದರವಾಗಿ ಮಡಚಿ ಮೇಲೆ ಎದ್ದು ಮತ್ತೆ ಬಾಗಿದೆ. ಬಗ್ಗಿಯಲ್ಲಿ ತಲೆ ಎತ್ತಿದರೆ ಸಾಕು, ಇಡೀ ಮಡಿಕೆ ಕಾಣುತ್ತದೆ. ಡಬಲ್ ಕ್ಯಾಬ್‌ನಲ್ಲಿ ಅದನ್ನು ನೋಡಲು ಗಾಡಿ ನಿಲ್ಲಿಸಿ ಇಳಿಯಲೇಬೇಕು. ಕೊರಕಲು ದಾಟಿದ ಮೇಲೆ ಹೇರ್‌ಪಿನ್ ತಿರುವುಗಳು ಒಂದರ ಮೇಲೊಂದು. ಬಗ್ಗಿಯ ನಿಜವಾದ ತಾಕತ್ತು ಕಾಣುವುದು ಈ ಏರಿನಲ್ಲಿ. ಏರಿನಲ್ಲಿ ಭಾರ ತಾನಾಗಿ ಹಿಂದಕ್ಕೆ ಜರುಗುತ್ತದೆ, ಎಂಜಿನ್ನಿನ ಭಾರವೂ ಅಲ್ಲೇ ಇದೆ, ಆ ಚಕ್ರ ಜಲ್ಲಿಯನ್ನು ಕಚ್ಚಿ ಹಿಡಿಯುತ್ತದೆ. ಟೂ ವೀಲ್ ಡ್ರೈವ್‌ನಲ್ಲಿದ್ದ ಖಾಲಿ ಡಬಲ್ ಕ್ಯಾಬ್ ಅದೇ ತಿರುವಿನಲ್ಲಿ ಹಿಂದಿನ ಚಕ್ರ ತಿರುಗಿಸಿ ಜಲ್ಲಿ ಹಾರಿಸಿತು. ಫೋರ್ ವೀಲ್ ಹಾಕಿದ ಮೇಲಷ್ಟೇ ಸುಮ್ಮನಾಯಿತು. ಬಗ್ಗಿಗೆ ಅದರ ಹಂಗೇ ಬೀಳಲಿಲ್ಲ.

ಒಂದು ಮಾತು ನೆನಪಿಡಬೇಕು: ಮುಂಭಾಗ ಹಗುರ. ತಿರುವಿನೊಳಗೆ ಹೋಗಿ ಆಕ್ಸಿಲರೇಟರ್ ಒತ್ತಿದರೆ ಸ್ಟೀರಿಂಗ್ ತಿರುಗಿಸಿದರೂ ಗಾಡಿ ನೇರ ಹೋಗುತ್ತದೆ. ತಿರುವಿಗೆ ಮುಂಚೆಯೇ ನಿಧಾನ ಮಾಡಿ, ಮೂತಿ ತಿರುಗಿದ ಮೇಲೆ ಒತ್ತಬೇಕು. ಇನ್ನೊಂದು, ಗೇರ್. ಗಾಳಿಯಿಂದ ತಣ್ಣಗಾಗುವ ಈ ಎಂಜಿನ್ನಿನ ಫ್ಯಾನ್ ಎಂಜಿನ್ನಿನ ವೇಗಕ್ಕೆ ತಕ್ಕಂತೆ ಸುತ್ತುತ್ತದೆ. ಮೂರನೇ ಗೇರಿನಲ್ಲಿ ಉಬ್ಬಸಪಡಿಸಿಕೊಂಡು ಹತ್ತಿಸಿದರೆ ಫ್ಯಾನೂ ನಿಧಾನ, ಎಣ್ಣೆ ಕಾದುಹೋಗುತ್ತದೆ. ಎರಡನೇ ಗೇರಿನಲ್ಲಿ ಸದ್ದು ಜೋರಾದರೂ ಎಂಜಿನ್ನಿಗೆ ಅದೇ ಕ್ಷೇಮ. ಭೂಮಿಯ ಈ ಭಾಗದಲ್ಲಿ ಉತ್ತರದ ಇಳಿಜಾರಿಗೇ ಬಿಸಿಲು ಹೆಚ್ಚು. ಬೆಳಗ್ಗೆ ಬೇಗ ಹೊರಟರೆ ಗಾಡಿಗೂ ಒಳ್ಳೇದು, ತಲೆಗೂ ಒಳ್ಳೇದು.

ಇನ್ನು ಆ ತಡೆಗೋಡೆಗಳು. ಗಾರೆ ಇಲ್ಲ, ಸುಣ್ಣ ಇಲ್ಲ. ಚಪ್ಪಟೆ ಕಲ್ಲುಗಳನ್ನು ಬೆಟ್ಟದ ಕಡೆಗೆ ವಾಲುವಂತೆ ಒಂದರ ಮೇಲೊಂದು ಕೂರಿಸಿದ್ದಾರೆ. ಅವುಗಳ ಭಾರವೇ ಅವನ್ನು ಹಿಡಿದಿದೆ. ಬಗ್ಗಿಯ ಸೀಟು ಎಷ್ಟು ತಗ್ಗಿನಲ್ಲಿದೆ ಎಂದರೆ ದಾರಿಯಂಚಿನ ಕಲ್ಲು ಮೊಣಕೈ ಮಟ್ಟಕ್ಕೆ ಬರುತ್ತದೆ. ಕಲ್ಲುಕಲ್ಲಿನ ಸಂದು ಕಾಣುತ್ತದೆ, ಅದರ ಮೇಲಿನ ಕಿತ್ತಳೆ ಬಣ್ಣದ ಕಲ್ಲುಹೂವೂ ಕಾಣುತ್ತದೆ. ಡಬಲ್ ಕ್ಯಾಬ್‌ನ ಎತ್ತರದ ಬಾನೆಟ್ ಎಡಗಡೆಯ ಅಂಚನ್ನೇ ಮರೆ ಮಾಡುತ್ತದೆ. ಎದುರಿಗೆ ಗಾಡಿ ಬಂದು ಸರಿದು ನಿಲ್ಲಬೇಕಾದಾಗ ಇದು ದೊಡ್ಡ ವ್ಯತ್ಯಾಸ. ನಮ್ಮ ಘಾಟಿಗಳಲ್ಲಿರುವಂತೆ ಏರುವ ಗಾಡಿಗೆ ದಾರಿ ಬಿಡುವುದು ಇಲ್ಲೂ ಮರ್ಯಾದೆ. ಹಾಗಾಗಿ ಅಂಚಿಗೆ ಸರಿಯುವ ಪಾಳಿ ಇಳಿಯುವವರದೇ.

ಅದೇ ಹೇರ್‌ಪಿನ್ನುಗಳನ್ನು ಬಗ್ಗಿಯಲ್ಲಿ ಇಳಿಯುವುದು ಬೇರೆಯೇ ಕಥೆ. ಬ್ರೇಕ್ ಒತ್ತಿದರೆ ಹಗುರ ಮುಂಚಕ್ರ ಸಡಿಲ ಜಲ್ಲಿಯ ಮೇಲೆ ಲಾಕ್ ಆಗಿ ಜಾರುತ್ತದೆ. ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಹೊರಕ್ಕೆ ಎಳೆಯುತ್ತದೆ. ಸಾಲುಸಾಲು ಅಲೆಯಂತೆ ಏರಿಳಿತ ಎದ್ದಿರುವ ಕಡೆ ಗಿಡ್ಡ ಷಾಸಿ ಕುಣಿಯುತ್ತದೆ. ಇಳಿಜಾರು 1:8ರಷ್ಟು ಕಡಿದಾಗುವ ಜಾಗಗಳಿವೆ. ಡ್ರಮ್ ಬ್ರೇಕ್ ನಂಬಿ ಅಲ್ಲಿ ಇಳಿಯಬೇಡಿ, ಮೊದಲನೇ ಗೇರಿನಲ್ಲೇ ಇಳಿಸಿ. ಡಬಲ್ ಕ್ಯಾಬ್‌ನಲ್ಲಿ ಲೋ ರೇಂಜ್ (ತೀರಾ ನಿಧಾನ ಓಡಿಸುವ ಗೇರು) ಹಾಕಿ ಕಾಲು ತೆಗೆದರೆ ಗಾಡಿ ತಾನೇ ತೆವಳುತ್ತಾ ಇಳಿಯುತ್ತದೆ. ಇಳಿಯುವ ಲೆಕ್ಕದಲ್ಲಿ ಡಬಲ್ ಕ್ಯಾಬ್‌ಗೆ ನನ್ನ ಪೂರ್ತಿ ಅಂಕ. ಆದ್ದರಿಂದಲೇ ಬಗ್ಗಿಯವರಿಗೆ ಹೇಳುವುದು: ಪ್ರಿನ್ಸ್ ಆಲ್ಬರ್ಟ್‌ನಿಂದ ಹತ್ತಿ, ಔಟ್ಸ್‌ಹೋರ್ನ್ ಕಡೆ ಇಳಿಯಿರಿ. ದಕ್ಷಿಣದ ಇಳಿಜಾರಲ್ಲೂ ತಿರುವಿದೆ, ಆದರೆ ಮುಂದಿನ ದಾರಿ ದೂರದಿಂದಲೇ ಕಾಣುತ್ತದೆ, ಉಸಿರಾಡಲು ಜಾಗವಿದೆ. ವಸಂತದಲ್ಲಿ ಪ್ರೋಟಿಯಾ ಹೂವೂ ಸಿಗುತ್ತದೆ.

ಧೂಳು ಬಗ್ಗಿಯ ದೊಡ್ಡ ಕಷ್ಟ. ತನ್ನ ಚಕ್ರ ಎಬ್ಬಿಸಿದ ಧೂಳನ್ನು ತನ್ನ ಕಾರ್ಬ್ಯುರೇಟರೇ ಕುಡಿಯುತ್ತದೆ. ಏರ್ ಫಿಲ್ಟರಿಗೆ ಎಣ್ಣೆ ಸವರಿದ ಫೋಮ್ ಕವಚ ಹಾಕದೆ ಹೊರಡಬಾರದು. ಟೈರಿನ ಗಾಳಿಯನ್ನು ಹಿಂದೆ 16, ಮುಂದೆ 12 ಪಿಎಸ್‌ಐಗೆ ಇಳಿಸಿದಾಗ ಕುಣಿತ ಎದ್ದು ಕಾಣುವಷ್ಟು ಕಡಿಮೆಯಾಯಿತು. ಡಬಲ್ ಕ್ಯಾಬ್‌ಗೆ 26 ಸಾಕಾಯಿತು. ಕನ್ನಡಕ, ಮೂಗಿಗೆ ಬಟ್ಟೆ, ಗಾಳಿಗೆ ದಪ್ಪ ಜಾಕೆಟ್ ಬೇಕೇ ಬೇಕು. ಕೆಳಗೆ ಬೆವರು ಸುರಿಯುತ್ತಿದ್ದರೂ ನೆತ್ತಿಯಲ್ಲಿ ಚಳಿ ಹಿಡಿಯುತ್ತದೆ.

ಹ್ಯಾಚ್‌ಬ್ಯಾಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಣ ಹವೆಯಲ್ಲಿ, ಗಂಟೆಗೆ 30 ಕಿ.ಮೀ. ಮೀರದೆ ಹೋದರೆ ಆರಾಮಾಗಿ ದಾಟುತ್ತದೆ. ಅಡಿಭಾಗಕ್ಕೆ ಕಲ್ಲು ಬಡಿಯುವ ಸದ್ದು ಕೇಳುತ್ತಲೇ ಇರುತ್ತದೆ, ಅಷ್ಟೆ. ಬಾಡಿಗೆ ಗಾಡಿಯಾದರೆ ಜಲ್ಲಿ ದಾರಿಯಲ್ಲಿ ಟೈರು, ಅಡಿಭಾಗಕ್ಕೆ ಆಗುವ ಹಾನಿ ವಿಮೆಯೊಳಗೆ ಬರುತ್ತದೋ ಇಲ್ಲವೋ ಎಂದು ಕರಾರು ಓದಿಕೊಳ್ಳಿ.

ಒಬ್ಬರೇ ಅಥವಾ ಇಬ್ಬರೇ ಹೋಗುವುದಾದರೆ ನನ್ನ ಆಯ್ಕೆ ಯಾವತ್ತೂ ಬಗ್ಗಿ, ಅದೂ ಉತ್ತರದಿಂದ. ಅಪ್ಪ ಅಮ್ಮ, ಮಕ್ಕಳು ಜೊತೆಗಿದ್ದರೆ ಎರಡನೇ ಯೋಚನೆ ಬೇಡ, ಡಬಲ್ ಕ್ಯಾಬ್. ನೆತ್ತಿಯ ಹತ್ತಿರ ಕವಲೊಡೆಯುವ ಗಾಮ್ಕಾಸ್‌ಕ್ಲೂಫ್ ಎಂಬ ಒಂಟಿ ಕಣಿವೆಯ ದಾರಿಗೂ ಅದೇ: ಹೋಗಲು ಸುಮಾರು 37 ಕಿ.ಮೀ., ಕೊನೆಯಲ್ಲಿ ಪಾತಾಳಕ್ಕೆ ಇಳಿದಂತೆ ಕಡಿದಾದ ತಿರುವುಗಳು, ಬಂದ ದಾರಿಯಲ್ಲೇ ವಾಪಸ್. ಅಷ್ಟುದ್ದ ಇಳಿಯುವ ಕೆಲಸಕ್ಕೆ ಬಗ್ಗಿಯನ್ನು ಒಯ್ಯಬೇಡಿ. ಚಳಿಗಾಲದಲ್ಲಿ ಹಿಮ ಬಿದ್ದರೆ ಪಾಸ್ ಮುಚ್ಚುತ್ತಾರೆ. ಮಳೆಯ ಮರುದಿನ ಜಲ್ಲಿಯ ನಡುವಿನ ಮಣ್ಣು ಜಾರುತ್ತದೆ. ಅಂಥ ದಿನ ಹ್ಯಾಚ್‌ಬ್ಯಾಕ್‌ನಲ್ಲಿದ್ದವರು, ಬಗ್ಗಿಯಲ್ಲಿದ್ದವರು ಮೈರಿಂಗ್ಸ್‌ಪೋರ್ಟ್ ತೆರೆದಿದೆಯೇ ಎಂದು ವಿಚಾರಿಸಿ, ಅದರ ಡಾಂಬರು ದಾರಿಯಲ್ಲೇ ಆ ಕಡೆ ದಾಟಿಕೊಳ್ಳಿ.