ಓದುಗರ ಬಳಗಕ್ಕೆ ವಾಟ್ಸಾಪ್ ಗ್ರೂಪೋ, ಚಾನೆಲ್ಲೋ?

ಓದುಗರ ಬಳಗ ಕಟ್ಟಲು ಸುದ್ದಿಸಂಸ್ಥೆಗೆ ವಾಟ್ಸಾಪ್ ಗ್ರೂಪ್, ಚಾನೆಲ್ ಇವೆರಡರಲ್ಲಿ ಯಾವುದು ಹೊಂದುತ್ತದೆ ಎಂಬುದು ಪ್ರಶ್ನೆ. ಶುರು ಮಾಡಲು ಎರಡಕ್ಕೂ ಖರ್ಚಿಲ್ಲ. ಬೇಕಾಗುವುದು ಸಿಬ್ಬಂದಿಯ ಸಮಯ.

2023ರಲ್ಲಿ ಬಂದ ಚಾನೆಲ್‌ನಲ್ಲಿ ಸಂದೇಶ ಹಾಕುವುದು ಅದನ್ನು ನಡೆಸುವವರು ಮಾತ್ರ. ಲಕ್ಷಾಂತರ ಜನರನ್ನು ತಲುಪಬಹುದು, ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಆದರೆ ಓದುಗರು ತಮ್ಮತಮ್ಮಲ್ಲಿ ಮಾತಾಡಲಾರರು.

ಗ್ರೂಪ್‌ಗೆ 1,024 ಜನರ ಮಿತಿ. ಆದರೂ ನನ್ನ ಒಲವು ಇದರತ್ತಲೇ. “ನಿಮ್ಮ ವರದಿಯಲ್ಲಿ ದಿನಾಂಕ ತಪ್ಪಿದೆ” ಎಂದು ಓದುಗರೊಬ್ಬರು ಬರೆದು, ಹತ್ತು ನಿಮಿಷದಲ್ಲಿ ವರದಿಗಾರರೇ “ತಿದ್ದಿದ್ದೇನೆ, ಧನ್ಯವಾದ” ಎಂದಾಗ ಎಲ್ಲರೆದುರು ಹುಟ್ಟುವ ನಂಬಿಕೆ ದೊಡ್ಡದು. ಇದಕ್ಕೆ ಕಾವಲು ಬೇಕು: ನಡುರಾತ್ರಿ ಜಗಳ ಹತ್ತಿದರೂ ಬಿಡಿಸುವವರಿರಬೇಕು, ಸುಳ್ಳುಸುದ್ದಿ ಬಂದರೆ ಕೂಡಲೇ ಅಳಿಸಬೇಕು.

ಸಿಬ್ಬಂದಿ ಕಡಿಮೆ, ಓದುಗರು ಸಾವಿರಾರು ಎಂದಾದರೆ ಚಾನೆಲ್. ಒಂದೇ ಊರಿನ ಅಥವಾ ಒಂದೇ ವಿಷಯದ ಓದುಗರಿದ್ದು, ಉತ್ತರಿಸಲು ವರದಿಗಾರರು ಸಿದ್ಧರಿದ್ದರೆ ಗ್ರೂಪ್.