ಅರ್ಜಿ ತುಂಬುವ ಮುಂಚೆ ನಾಲ್ಕು ಪ್ರಶ್ನೆ ಕೇಳುವ ಸೇವಾ ಕೇಂದ್ರ: ಐದಕ್ಕೆ ನಾಲ್ಕು ಸ್ಟಾರ್

ಒಂದು ಸ್ಟಾರ್ ಯಾಕೆ ಕಡಿಮೆ ಅಂತ ಮೊದಲೇ ಹೇಳಿಬಿಡುತ್ತೇನೆ. ಕೂರಲು ಜಾಗ ಇಲ್ಲ. ಇರುವುದು ಎರಡು ಪ್ಲಾಸ್ಟಿಕ್ ಕುರ್ಚಿ, ಅದರಲ್ಲಿ ಒಂದರ ಕಾಲಿಗೆ ತಂತಿ ಸುತ್ತಿದ್ದಾರೆ. ಬರುವವರಲ್ಲಿ ಮುಕ್ಕಾಲು ಪಾಲು ಮಂಡಿ ನೋವಿನ ಅಜ್ಜಿಯರು. ಪಂಚಾಯಿತಿ ಕಟ್ಟೆ ಮೇಲೆ ಸೆರಗು ತಲೆಗೆ ಹಾಕಿಕೊಂಡು ಕೂತಿರುತ್ತಾರೆ. ಇನ್ನು ಸರ್ವರ್ ಡೌನ್ ಆಯಿತೋ, ಆ ದಿನ ಮುಗಿಯಿತು. ಉಳಿದ ನಾಲ್ಕೂ ಸ್ಟಾರ್ ಒಳಗೆ ಕಂಪ್ಯೂಟರ್ ಮುಂದೆ ಕೂರುವ ಹುಡುಗಿಗೆ.

ನಮ್ಮದು ತುಮಕೂರು ಜಿಲ್ಲೆಯ ತೆಂಗಿನ ಸೀಮೆ. ನಮ್ಮ ದೊಡ್ಡಮ್ಮ ಕೊಬ್ಬರಿ ಶೆಡ್ಡಿನಲ್ಲಿ ತಿಂಗಳಿಗೆ ಏಳೆಂಟು ದಿನ ಕೂಲಿಗೆ ಹೋಗುತ್ತಾರೆ, ಮೊದಲಿನ ಹಾಗೆ ಕೈ ಓಡುವುದಿಲ್ಲ. ದೊಡ್ಡಪ್ಪ ತೀರಿಕೊಂಡು ಎರಡು ವರ್ಷ ಆಗಿತ್ತು. "ಎಲ್ಲರಿಗೂ ಪಿಂಚಣಿ ಬತ್ತದೆ ಕಣೋ, ನಂಗೆ ಯಾಕೆ ಬರಕ್ಕಿಲ್ಲ" ಅಂತ ಅವರು ಕೇಳಿದಾಗ ನಾನು ಬುದ್ಧಿವಂತನ ಹಾಗೆ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಜೆರಾಕ್ಸ್ ಅಂಗಡಿಗೆ ಕರೆದುಕೊಂಡು ಹೋದೆ. ಅಲ್ಲಿನವನು ಮುಖ ನೋಡಿದ, ಕೂದಲು ನೋಡಿದ, "ಸಂಧ್ಯಾ ಸುರಕ್ಷಾ ಹಾಕೋಣ ಬಿಡಿ" ಅಂದ. ಮುನ್ನೂರು ರೂಪಾಯಿ ತೆಗೆದುಕೊಂಡ. ಒಂದೂವರೆ ತಿಂಗಳು ಕಾದ ಮೇಲೆ ಅರ್ಜಿ ತಿರಸ್ಕೃತ. ಕಾರಣ: ವಯಸ್ಸು ಸಾಲದು.

ವಯಸ್ಸು ಸಾಲದು! ದೊಡ್ಡಮ್ಮ ನಮ್ಮಮ್ಮನಿಗಿಂತ ನಾಲ್ಕು ವರ್ಷ ದೊಡ್ಡವರು, ನಮ್ಮಮ್ಮನಿಗೆ ಆಧಾರ್ ಪ್ರಕಾರ 65 ತುಂಬಿದೆ. ಆದರೆ ದೊಡ್ಡಮ್ಮನ ಆಧಾರ್ ಪ್ರಕಾರ ಅವರಿಗೆ 63. ಅಂದರೆ ಸರ್ಕಾರದ ಲೆಕ್ಕದಲ್ಲಿ ಅಕ್ಕನಿಗಿಂತ ತಂಗಿ ಎರಡು ವರ್ಷ ದೊಡ್ಡವಳು. ಆಧಾರ್ ಮಾಡಿಸಿದ ದಿನ ಯಾರೋ ಕೇಳಿದ್ದಾರೆ, ಇವರು ಅಂದಾಜಿಗೆ ಏನೋ ಹೇಳಿದ್ದಾರೆ, ಅವರು ಜನವರಿ ಒಂದು ಅಂತ ಬರೆದುಕೊಂಡಿದ್ದಾರೆ. ನಮ್ಮೂರಿನ ಅರ್ಧ ಮುದುಕರು ಹುಟ್ಟಿದ್ದು ಜನವರಿ ಒಂದಕ್ಕೇ. ಸಂಧ್ಯಾ ಸುರಕ್ಷಾಕ್ಕೆ 65 ಆಗಿರಬೇಕು, ಆಧಾರ್ ನೋಡಿದ್ದರೆ ಅರ್ಜಿ ಹಾಕುವ ಮುಂಚೆಯೇ ಗೊತ್ತಾಗುತ್ತಿತ್ತು. ಅವನೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಈ ಸೇವಾ ಕೇಂದ್ರಕ್ಕೆ ಹೋಗಿದ್ದು ಅದಾದ ಮೇಲೆ. ಪಂಚಾಯಿತಿ ಕಟ್ಟಡದ ಪಕ್ಕದಲ್ಲೇ ಒಂದು ಸಣ್ಣ ಕೋಣೆ. ಹುಡುಗಿಗೆ ಇಪ್ಪತ್ತೈದು ಇರಬಹುದು. ನಾನು ಪೇಪರ್ ಎಲ್ಲ ಮುಂದೆ ಇಟ್ಟು "ಪಿಂಚಣಿಗೆ ಹಾಕಬೇಕಿತ್ತು" ಅಂದೆ. ಅವಳು ಪೇಪರ್ ಮುಟ್ಟಲಿಲ್ಲ. ನನ್ನನ್ನು ಬಿಟ್ಟು ನೇರ ದೊಡ್ಡಮ್ಮನನ್ನೇ ಕೇಳಿದಳು: "ಅಜ್ಜಿ, ಯಜಮಾನ್ರು ಇದಾರಾ? ಆಧಾರ್‌ನಲ್ಲಿ ವಯಸ್ಸು ಎಷ್ಟಿದೆ? ರೇಷನ್ ಕಾರ್ಡ್ ಯಾವುದು, ಅದರಲ್ಲಿ ಯಾರ್ಯಾರ ಹೆಸರಿದೆ? ಬೇರೆ ಯಾವ ಪಿಂಚಣಿ ಬರ್ತಿದೆ?" ಅಷ್ಟೇ, ನಾಲ್ಕು ಪ್ರಶ್ನೆ. ಎರಡು ನಿಮಿಷ ಕೂಡ ಆಗಲಿಲ್ಲ.

ಆಮೇಲೆ ಹೇಳಿದಳು, "ನಿಮಗೆ ವಿಧವಾ ವೇತನ ಬರುತ್ತೆ ಅಜ್ಜಿ. ಅದಕ್ಕೆ 65 ಆಗೋವರೆಗೂ ಕಾಯಬೇಕಿಲ್ಲ, 18 ದಾಟಿದ್ರೆ ಸಾಕು." ತಿಂಗಳಿಗೆ 800 ರೂಪಾಯಿ. ಸಂಧ್ಯಾ ಸುರಕ್ಷಾ ಆದರೆ 1,200. 60 ದಾಟಿದ ಬಿಪಿಎಲ್‌ನವರಿಗೆ ವೃದ್ಧಾಪ್ಯ ವೇತನ ಅಂತ ಇನ್ನೊಂದಿದೆ, ಆದರೆ 65ರ ಒಳಗಿನವರಿಗೆ ಅದರ ಮೊತ್ತ ವಿಧವಾ ವೇತನಕ್ಕಿಂತ ಜಾಸ್ತಿಯೇನಿಲ್ಲ. ಇವುಗಳಲ್ಲಿ ಒಬ್ಬರಿಗೆ ಒಂದೇ, ಎರಡೆರಡು ತೆಗೆದುಕೊಳ್ಳುವ ಹಾಗಿಲ್ಲ. ಇದನ್ನೆಲ್ಲ ಅವಳು ಬೋರ್ಡ್ ನೋಡಿ ಹೇಳಲಿಲ್ಲ, ಬೆರಳ ಮೇಲೆ ಎಣಿಸಿ ಹೇಳಿದಳು. ದೊಡ್ಡಮ್ಮನಿಗೆ ಅರ್ಥ ಆಯಿತು, ಅದು ಮುಖ್ಯ.

ಆದರೆ ದೊಡ್ಡಮ್ಮನ ಭಯವೇ ಬೇರೆ. 2023ರಿಂದ ಗೃಹಲಕ್ಷ್ಮಿ ದುಡ್ಡು ಬರುತ್ತಿದೆ, ತಿಂಗಳಿಗೆ 2,000. ಪಿಂಚಣಿ ಕೇಳಿದರೆ ಅದು ನಿಂತುಹೋಗುತ್ತದೆ ಅಂತ ಪಕ್ಕದ ಮನೆಯವರು ತಲೆಗೆ ತುಂಬಿದ್ದರು. "ಇರೋದನ್ನೂ ಕಳ್ಕೊಳ್ಳೋದು ಬ್ಯಾಡ ಕಣವ್ವ" ಅಂತ ಎದ್ದೇಬಿಟ್ಟರು. ಹುಡುಗಿ ನಗುತ್ತಾ ಮತ್ತೆ ಕೂರಿಸಿದಳು. ಗೃಹಲಕ್ಷ್ಮಿ ಪಿಂಚಣಿ ಅಲ್ಲ, ಅದರ ಲೆಕ್ಕ ಬೇರೆ, ಸಾಮಾಜಿಕ ಭದ್ರತಾ ಪಿಂಚಣಿ ತೆಗೆದುಕೊಳ್ಳುವವರಿಗೂ ಅದು ಸಿಗುತ್ತದೆ.

ಅದೇ ಹೊತ್ತಿಗೆ ಹಿಂದೆ ನಿಂತಿದ್ದ ಒಬ್ಬ ಹೆಂಗಸು ಬಾಯಿ ಹಾಕಿದರು. ಅವರ ಮಗ ಬೆಂಗಳೂರಿನಲ್ಲಿ ಅಂಗಡಿ ಇಟ್ಟಿದ್ದಾನೆ, ಜಿಎಸ್‌ಟಿ ಕಟ್ಟುತ್ತಾನೆ, ಹಾಗಾಗಿ ನಿಮಗೆ ಗೃಹಲಕ್ಷ್ಮಿ ಇಲ್ಲ ಅಂತ ಯಾರೋ ಹೇಳಿ ಕಳಿಸಿದ್ದರಂತೆ. ಅರ್ಜಿಯನ್ನೇ ಹಾಕಿರಲಿಲ್ಲ ಪಾಪ. ನಿಯಮದಲ್ಲಿ ಇರುವುದು ಏನು? ಯಜಮಾನಿಯೋ ಅವಳ ಗಂಡನೋ ಆದಾಯ ತೆರಿಗೆ ಕಟ್ಟುತ್ತಿದ್ದರೆ ಅಥವಾ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುತ್ತಿದ್ದರೆ ಬರುವುದಿಲ್ಲ ಅಂತ. ಮಗನ ಮಾತು ಅಲ್ಲಿ ಇಲ್ಲ. ಬಿಪಿಎಲ್ ಕಾರ್ಡೇ ಆಗಬೇಕು ಅಂತಲೂ ಇಲ್ಲ, ಎಪಿಎಲ್ ಆದರೂ ಆಗುತ್ತದೆ, ಕಾರ್ಡಿನಲ್ಲಿ ಯಜಮಾನಿ ಅಂತ ಹೆಸರಿರಬೇಕು. ಆ ಹೆಂಗಸಿನ ಮುಖ ನೋಡಬೇಕಿತ್ತು ನೀವು. ಎಷ್ಟು ಕಂತು ಹೋಯಿತು ಅಂತ ಅಲ್ಲೇ ನಿಂತು ಬೆರಳು ಮಡಚಲು ಶುರು ಮಾಡಿದರು.

ಇನ್ನು ನಮ್ಮ ವಿಷಯಕ್ಕೆ ಬರುತ್ತೇನೆ. ಹುಡುಗಿ ರೇಷನ್ ಕಾರ್ಡ್ ನಂಬರ್ ಹೊಡೆದಳು. ಪರದೆ ಮೇಲೆ ಕುಟುಂಬದ ಹೆಸರೆಲ್ಲ ಬಂತು. ಅವಳು ಒಂದು ಕ್ಷಣ ಸುಮ್ಮನಾದಳು. ಆಮೇಲೆ ಮೆಲ್ಲಗೆ ಕೇಳಿದಳು, "ಅಜ್ಜಿ, ಇದರಲ್ಲಿ ತಾತ ಇನ್ನೂ ಇದಾರಲ್ಲ?"

ಹೌದು, ದೊಡ್ಡಪ್ಪನ ಹೆಸರು ತೆಗೆಸಿರಲಿಲ್ಲ. ಮರೆತಿದ್ದಲ್ಲ, ಬೇಕಂತಲೇ. ಅವರ ಪಾಲಿನ ಅಕ್ಕಿ ಬರುತ್ತಿತ್ತಲ್ಲ. ದೊಡ್ಡಮ್ಮ ನೆಲ ನೋಡುತ್ತಾ ಕೂತರು. ನನಗೂ ಏನು ಹೇಳಬೇಕೋ ಗೊತ್ತಾಗಲಿಲ್ಲ. ಒಂದು ಕಾಗದದಲ್ಲಿ ಗಂಡ ಸತ್ತಿದ್ದಾನೆ, ಇನ್ನೊಂದು ಕಾಗದದಲ್ಲಿ ಬದುಕಿದ್ದಾನೆ, ಅಂಥವರಿಗೆ ವಿಧವಾ ವೇತನ ಯಾರು ಕೊಡುತ್ತಾರೆ? ಬೇರೆ ಯಾರಾದರೂ ಆಗಿದ್ದರೆ ಅಷ್ಟು ಜನರ ಎದುರಿಗೆ ಕೂಗಾಡುತ್ತಿದ್ದರೇನೋ. ಈ ಹುಡುಗಿ ದನಿ ಏರಿಸಲಿಲ್ಲ. "ಮೊದಲು ಹೆಸರು ತೆಗೆಸಿಬಿಡಿ ಅಜ್ಜಿ, ಅಕ್ಕಿಗಿಂತ ಇದು ಜಾಸ್ತಿ ಬರುತ್ತೆ" ಅಂದಳು. ಅದಕ್ಕೇ ಒಂದು ಸ್ಟಾರ್ ಪೂರ್ತಿ ಕೊಟ್ಟಿದ್ದೇನೆ.

ಇನ್ನೊಂದು ತೊಡಕು ಹೆಸರಿನದು. ಆಧಾರ್‌ನಲ್ಲಿ ಜಯಮ್ಮ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಜಯಲಕ್ಷ್ಮಮ್ಮ. ಮನೆಯಲ್ಲಿ ಎರಡೂ ಒಂದೇ, ಕಂಪ್ಯೂಟರಿಗೆ ಇಬ್ಬರು ಬೇರೆ ಬೇರೆ ಹೆಂಗಸರು. ಪಾಸ್‌ಬುಕ್ ಹೆಸರು ಸರಿ ಮಾಡಿಸಲು ಬ್ಯಾಂಕಿಗೆ ಎರಡು ಸಲ ಓಡಾಡಿದ್ದಾಯಿತು. ಆಧಾರ್‌ನ ಹುಟ್ಟಿದ ದಿನಾಂಕ ತಿದ್ದಿಸಿ ನೇರ ಸಂಧ್ಯಾ ಸುರಕ್ಷಾಕ್ಕೇ ಹಾಕೋಣವೇ ಅಂತ ಕೇಳಿದೆ. ಅದನ್ನು ಒಂದೇ ಸಲ ತಿದ್ದಲು ಅವಕಾಶ, ಅದಕ್ಕೂ ದಾಖಲೆ ಬೇಕು, ಶಾಲೆಯ ಮೆಟ್ಟಿಲೇ ಹತ್ತದವರು ದಾಖಲೆ ಎಲ್ಲಿಂದ ತರುತ್ತಾರೆ. ಕೈಬಿಟ್ಟೆವು.

ಆದಾಯದ ಕತೆ ಕೇಳಿದರೆ ನಿಮಗೂ ನಗು ಬರಬಹುದು. ಬಿಪಿಎಲ್ ಕಾರ್ಡಿಗೆ ಕುಟುಂಬದ ವರ್ಷದ ಆದಾಯ 1.20 ಲಕ್ಷದ ಒಳಗಿರಬೇಕು. ಪಿಂಚಣಿಗೆ 32,000ದ ಒಳಗೆ. ನಾನು ಮೊಬೈಲಿನಲ್ಲಿ ಭಾಗಿಸಿ ನೋಡಿದೆ, ದಿನಕ್ಕೆ 88 ರೂಪಾಯಿ ಕೂಡ ಆಗುವುದಿಲ್ಲ. ಕೊಬ್ಬರಿ ಶೆಡ್ಡಿನಲ್ಲಿ ತಿಂಗಳಿಗೆ ಹತ್ತು ದಿನ ಗಟ್ಟಿಯಾಗಿ ಕೆಲಸ ಮಾಡಿದರೆ ಆ ಗೆರೆ ದಾಟಿಬಿಡಬಹುದು. ಬಿಪಿಎಲ್ ಕಾರ್ಡ್ ಇದೆ, ಹಾಗಾಗಿ ಪಿಂಚಣಿ ಬಂದೇ ಬರುತ್ತದೆ ಅಂತ ನಾನು ಅಂದುಕೊಂಡಿದ್ದೆ, ಬಹಳ ಜನ ಹಾಗೇ ಅಂದುಕೊಂಡಿದ್ದಾರೆ. ಹಾಗಿಲ್ಲ. ಆದಾಯ ಪ್ರಮಾಣಪತ್ರ ಬೇರೆ ಮಾಡಿಸಬೇಕು. ನಾಡಕಚೇರಿಯಿಂದ ಕೊಡುತ್ತಾರೆ, ಐದು ವರ್ಷ ನಡೆಯುತ್ತದೆ. ಮನೆಯಲ್ಲಿ ಹಳೆಯದು ಇದ್ದರೆ ಬಿಸಾಡುವ ಮುಂಚೆ ತಾರೀಖು ನೋಡಿ. ನಮ್ಮ ದೊಡ್ಡಮ್ಮನದು ಟ್ರಂಕಿನ ತಳದಲ್ಲಿತ್ತು, ಅವಧಿ ಮುಗಿದು ಎರಡು ತಿಂಗಳಾಗಿತ್ತು. ನಮ್ಮ ಅದೃಷ್ಟ ಯಾವಾಗಲೂ ಹಾಗೇ.

ಶಕ್ತಿ ಯೋಜನೆ ನೋಡಿ, ಹೆಂಗಸರು ಆಧಾರ್ ತೋರಿಸಿದರೆ ಮುಗಿಯಿತು, ಸೊನ್ನೆ ಟಿಕೆಟ್ ಕೈಗೆ ಬರುತ್ತದೆ. ಕಂಡಕ್ಟರ್ ಯಾರೂ ನಿಮ್ಮ ಗಂಡ ಇದ್ದಾನಾ, ಜಮೀನು ಎಷ್ಟು ಅಂತ ಕೇಳುವುದಿಲ್ಲ. ಪಿಂಚಣಿ ಅರ್ಜಿಗೆ ಇಷ್ಟೆಲ್ಲ ಓಡಾಡಿದ್ದೂ ಆ ಸೊನ್ನೆ ಟಿಕೆಟ್‌ನಲ್ಲೇ ಅನ್ನುವುದು ದೊಡ್ಡಮ್ಮನ ಸಮಾಧಾನ. ನನ್ನ ಟಿಕೆಟ್ ನಾನೇ ತೆಗೆದುಕೊಂಡೆ.

ಕೊನೆಗೆ ಎಲ್ಲ ಸರಿಯಾದ ಮೇಲೆ ಅರ್ಜಿ ಹಾಕಿದೆವು. ದೊಡ್ಡಪ್ಪನ ಮರಣ ಪ್ರಮಾಣಪತ್ರ, ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಆದಾಯ ಪ್ರಮಾಣಪತ್ರ, ಒಂದು ಫೋಟೋ. ಎಲ್ಲ ಸೇರಿ ಕೊಟ್ಟ ದುಡ್ಡು ನೂರು ರೂಪಾಯಿ ಕೂಡ ದಾಟಲಿಲ್ಲ, ಜೆರಾಕ್ಸ್ ಸೇರಿಸಿ. ಹುಡುಗಿ ಸಕಾಲ ನಂಬರ್ ಇರುವ ಸ್ವೀಕೃತಿ ಚೀಟಿ ಕೊಟ್ಟು, "ಇದನ್ನ ಕಳೀಬೇಡಿ" ಅಂತ ಮೂರು ಸಲ ಹೇಳಿದಳು. ಸುಮ್ನೆ ಹೇಳಿದ್ದಲ್ಲ. ಸಕಾಲ ಕಾಯ್ದೆ 2011ರದು, ಸೇವೆ ಶುರುವಾಗಿದ್ದು 2012ರ ಏಪ್ರಿಲ್‌ನಲ್ಲಿ. ಹೇಳಿದ ದಿನದೊಳಗೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಪರಿಹಾರ ಸಣ್ಣದೇ ಇರಲಿ, ಆ ನಂಬರ್ ಇದ್ದರೆ ಅರ್ಜಿ ಯಾರ ಮೇಜಿನ ಮೇಲಿದೆ ಅಂತ ಕೇಳಲು ಒಂದು ಹಿಡಿಕೆ ಸಿಗುತ್ತದೆ. ಜೆರಾಕ್ಸ್ ಅಂಗಡಿಯವನು ಈ ಚೀಟಿಯನ್ನೇ ಕೊಟ್ಟಿರಲಿಲ್ಲ ಅನ್ನುವುದು ನನಗೆ ಹೊಳೆದಿದ್ದು ಆಗ.

ಗ್ರಾಮ ಆಡಳಿತಾಧಿಕಾರಿ ಒಂದು ದಿನ ಮನೆಗೆ ಬಂದು ನೋಡಿಕೊಂಡು ಹೋದರು. ಮಂಜೂರಾತಿ ಆದೇಶವೂ ಬಂತು. ದುಡ್ಡು ಮಾತ್ರ ಬರಲಿಲ್ಲ. ಒಂದು ತಿಂಗಳು ನೋಡಿದೆವು, ಎರಡು ತಿಂಗಳು ನೋಡಿದೆವು. ದೊಡ್ಡಮ್ಮ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋಗುವುದು, ಎಂಟ್ರಿ ಹಾಕಿಸುವುದು, ವಾಪಸ್ ಬರುವುದು. ಮತ್ತೆ ಅದೇ ಕೇಂದ್ರಕ್ಕೆ ಹೋದೆವು. ಹುಡುಗಿ ನನ್ನ ಮೊಬೈಲಿಗೇ ಡಿಬಿಟಿ ಕರ್ನಾಟಕ ಆ್ಯಪ್ ಹಾಕಿಸಿ ಆಧಾರ್ ನಂಬರ್ ಕೊಟ್ಟು ನೋಡಿದಳು. ದುಡ್ಡು ಎರಡು ತಿಂಗಳೂ ಸರಿಯಾಗಿ ಬಂದಿದೆ! ಹೋಗಿದ್ದು ಬೇರೆ ಖಾತೆಗೆ. ಸಂಘದ ಸಾಲಕ್ಕೆ ಅಂತ ಈ ನಡುವೆ ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆಸಿದ್ದರು, ಆಧಾರ್ ಅಲ್ಲಿಗೆ ಜೋಡಣೆ ಆಗಿಬಿಟ್ಟಿತ್ತು. ನೀವು ಅರ್ಜಿಗೆ ಯಾವ ಪಾಸ್‌ಬುಕ್ ಇಟ್ಟರೂ ಆಧಾರ್ ಮೂಲಕ ಬರುವ ದುಡ್ಡು ಕೊನೆಯದಾಗಿ ಜೋಡಿಸಿದ ಖಾತೆಗೇ ಹೋಗುತ್ತದೆ. ಗೃಹಲಕ್ಷ್ಮಿ ಕಂತೂ ಅಲ್ಲೇ ಕೂತಿತ್ತು. ಸರ್ಕಾರ ನಿಲ್ಲಿಸಿಬಿಟ್ಟಿತು ಅಂತ ನಾವು ಊರಿಗೆಲ್ಲ ಹೇಳಿಕೊಂಡು ಓಡಾಡಿದ್ದೆವು. ಬಂದ ನಾಚಿಕೆ ಅಷ್ಟಿಷ್ಟಲ್ಲ.

ದೊಡ್ಡಮ್ಮ ಅವಳಿಗೆ ಎರಡು ತೆಂಗಿನಕಾಯಿ ತಂದುಕೊಟ್ಟರು. ಬೇಡ ಅಂದಳು, "ತಗೋ ಮಗಾ, ನಮ್ಮನೆ ಮರದ್ದು" ಅಂತ ಮೇಜಿನ ಕೆಳಗೆ ಇಟ್ಟೇ ಬಂದರು. ಆಧಾರ್ ಪ್ರಕಾರ 65 ತುಂಬಿದ ಮೇಲೆ ಬನ್ನಿ, ಆಗ 1,200ದ್ದಕ್ಕೆ ಏನು ಮಾಡಬೇಕು ಅಂತ ನೋಡೋಣ ಅಂದಿದ್ದಾಳೆ. ಇನ್ನೆರಡು ವರ್ಷ. ಅಲ್ಲಿಯವರೆಗೆ ದೊಡ್ಡಮ್ಮ ನಮ್ಮಮ್ಮನನ್ನು "ಅಕ್ಕಾ" ಅಂತಲೇ ಕರೆಯುತ್ತಿದ್ದಾರೆ, ನಮ್ಮಮ್ಮನಿಗೆ ಮೈಯೆಲ್ಲ ಉರಿ.

ಹೋಗುವವರಿಗೆ ಒಂದೆರಡು ಮಾತು. ಮಂಗಳವಾರ ಹೋಗಬೇಡಿ, ಸಂತೆ ದಿನ, ಕಾಲಿಡಲು ಆಗುವುದಿಲ್ಲ. ಬೆಳಗ್ಗೆ ಹತ್ತೂವರೆಗೆ ತೆಗೆಯುತ್ತಾಳೆ, ಹನ್ನೆರಡರ ಒಳಗೆ ಹೋದರೆ ಸರ್ವರ್ ಸ್ವಲ್ಪ ಮರ್ಯಾದೆಯಿಂದ ನಡೆಯುತ್ತದೆ. ಆಧಾರಿಗೆ ಜೋಡಣೆಯಾದ ಮೊಬೈಲ್ ಜೊತೆಗೇ ಇರಲಿ, ಒಟಿಪಿ ಬರುವುದು ಅದಕ್ಕೆ, ಆ ಫೋನ್ ಬೆಂಗಳೂರಿನಲ್ಲಿರುವ ಮಗನ ಜೇಬಿನಲ್ಲಿದ್ದರೆ ಅರ್ಧ ದಿನ ಹಾಳು. ಕೂರಲು ಒಂದು ಮಣೆಯನ್ನೂ ಒಯ್ದರೆ ಇನ್ನೂ ಒಳ್ಳೆಯದು.